ಗುಂಡು ಎಣಿಸಿದೆವು, ಕಲಮು ಓದಲಿಲ್ಲ

ಕಳೆದ ನವೆಂಬರ್ 26ಕ್ಕೆ ಅಬ್ಬಿಗೆರೆಯ ನಮ್ಮ ಬಡಾವಣೆಯಲ್ಲಿ ಸಂವಿಧಾನದ ಪೀಠಿಕೆ ಓದಿಸಿದರು. ಆಮೇಲೆ ಮಾತಿಗೆ ನಿಂತ ಅತಿಥಿ, ಮೈಸೂರಿನವರು ಪುಣ್ಯವಂತರು, ಬಾಯಿ ಬಿಟ್ಟು ಕೇಳುವ ಮೊದಲೇ ಮಹಾರಾಜರು ಎಲ್ಲ ಕೊಟ್ಟರು ಅಂದರು. ಚಪ್ಪಾಳೆ ಬಿತ್ತು. ಇದೇ ಚರಿತ್ರೆಯ ಪಾಠ ಹೇಳಿ ಕೂದಲು ನರೆಸಿಕೊಂಡ ನಾನು ಎರಡನೇ ಸಾಲಿನಲ್ಲಿ ಕೂತಿದ್ದೆ. ಅವರನ್ನು ದೂರಲಾರೆ. ನಾವು ಬರೆದಿಟ್ಟದ್ದನ್ನೇ ಅವರು ಓದಿದ್ದರು.

ಮೈಸೂರಿನ ಹೋರಾಟಗಳ ಬಗ್ಗೆ ನಾವು ಬರೆದದ್ದರಲ್ಲಿ ಮೊದಲ ಘಟ್ಟ ಬೇಗ ಮುಗಿಯುತ್ತದೆ. 1830-31ರಲ್ಲಿ ನಗರ ಸೀಮೆಯ ರೈತರು ಎದ್ದ ದಂಗೆಯ ಬಗ್ಗೆ ಮೊದಲು ವಿಸ್ತಾರವಾಗಿ ಬರೆದದ್ದು ಕಂಪನಿ ಸರ್ಕಾರ ನೇಮಿಸಿದ ಸಮಿತಿ, 1833ರ ವರದಿಯಲ್ಲಿ. 1831ರಲ್ಲಿ ರಾಜ್ಯ ಕಿತ್ತುಕೊಂಡವರಿಗೆ ಕಾರಣವೊಂದು ಬೇಕಿತ್ತು, ಮುಮ್ಮಡಿ ಕೃಷ್ಣರಾಜ ಒಡೆಯರ ದುರಾಡಳಿತ ಸಿಕ್ಕಿತು. ರೈಸ್ ಬರೆದ ಮೈಸೂರು ಗೆಜೆಟಿಯರಿಗೂ ಅದೇ ಇಳಿಯಿತು. ಮುಂದೆ ಚರಿತ್ರೆ ಬರೆಯಲು ಶಾಮರಾಯರು, ಹಯವದನರಾಯರು ಬಂದರು. ಅವರ ಶ್ರಮ ದೊಡ್ಡದು, ಆದರೆ ಪುಟಗಳಲ್ಲಿ ನಡೆಯುವುದು ದಿವಾನರ ಮೆರವಣಿಗೆ. 1881ರಲ್ಲಿ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆ ಕರೆದರು ಎಂದಿರುತ್ತದೆ. ಬಂದ 144 ಜನ ಯಾವ ದೂರು ಹೊತ್ತು ಬಂದಿದ್ದರು ಎಂಬುದು ಹಿಂದೆ ಸರಿಯುತ್ತದೆ.

ಸ್ವಾತಂತ್ರ್ಯದ ನಂತರ ಹಾಲಪ್ಪನವರ ಸಂಪಾದಕತ್ವದ ಸ್ವಾತಂತ್ರ್ಯ ಹೋರಾಟದ ಚರಿತ್ರೆಯ ಸಂಪುಟಗಳೂ ಸೂರ್ಯನಾಥ ಕಾಮತರು ಕಲೆಹಾಕಿದ 'ಸ್ವಾತಂತ್ರ್ಯ ಸಂಗ್ರಾಮದ ಸ್ಮೃತಿಗಳು' ಕೂಡ ಬಂದವು. ಜೈಲು ಕಂಡವರ ಮಾತು ಉಳಿದದ್ದು ಹೀಗೆ. 1837ರ ಅಮರ ಸುಳ್ಯದ ದಂಗೆಯನ್ನು ನಿರಂಜನರು 'ಕಲ್ಯಾಣಸ್ವಾಮಿ' ಕಾದಂಬರಿ ಮಾಡಿದರು. ಅದನ್ನು ಓದಿ ಚರಿತ್ರೆಗೆ ಬಿದ್ದವರಲ್ಲಿ ನಾನೊಬ್ಬ.

ನಮ್ಮ ಕಾಲದಲ್ಲಿ ಗಾಳಿ ಬದಲಾಯಿತು. 1977ರಲ್ಲಿ ಜೇಮ್ಸ್ ಮ್ಯಾನರ್, ಮರುವರ್ಷ ಬ್ಯೋರ್ನ್ ಹೆಟ್ನೆ, 1985ರಲ್ಲಿ ನಮ್ಮವರೇ ಎಸ್. ಚಂದ್ರಶೇಖರ್ ಮೈಸೂರಿನ ರಾಜಕೀಯದ ಮೇಲೆ ಪುಸ್ತಕ ತಂದರು. ಬೆಂಗಳೂರು ಮೈಸೂರಿನ ವಕೀಲರ ರಾಜಕೀಯ ಹಳ್ಳಿಯ ಗೌಡರ ಜಗಲಿಗೆ ಹೇಗೆ ತಲುಪಿತು ಎಂದು ಮ್ಯಾನರ್ ತೋರಿಸಿದಾಗ ನಮಗೆ ಕಣ್ಣು ಬಂತು. 1937ರಲ್ಲಿ ಪ್ರಜಾ ಸಂಯುಕ್ತ ಪಕ್ಷ ಕಾಂಗ್ರೆಸ್ಸಿನೊಳಗೆ ಕರಗದಿದ್ದರೆ ಮರು ಏಪ್ರಿಲ್‌ನಲ್ಲಿ ಶಿವಪುರದ ಧ್ವಜ ಸತ್ಯಾಗ್ರಹಕ್ಕೆ ಅಷ್ಟು ಜನ ಎಲ್ಲಿಂದ ಬರಬೇಕಿತ್ತು? ಬರ್ಟನ್ ಸ್ಟೈನ್ ನಗರದ ದಂಗೆಯನ್ನು ಮತ್ತೆ ಕೆದಕಿದರು. ಕಂದಾಯ ಕೊಡೆವೆಂದು ರೈತರು ಕಟ್ಟಿಕೊಂಡ ಕೂಟಗಳು ಪುಂಡರ ಗುಂಪಲ್ಲ, ಒಂದು ಬಗೆಯ ಸಭೆ ಎಂದು ನಾನು ನಂಬಿದ್ದು ಆ ಓದಿನ ನಂತರ.

ಆಗ ನಾವು ಮೂರ್ನಾಲ್ಕು ಜನ ಟೇಪ್ ರೆಕಾರ್ಡರ್ ಹೊತ್ತು ಯಲಹಂಕದಲ್ಲಿ ಪ್ಯಾಸೆಂಜರ್ ಗಾಡಿ ಹತ್ತಿ ಗೌರಿಬಿದನೂರಿಗೆ ಹೋಗುತ್ತಿದ್ದೆವು. ಅಲ್ಲಿಗೆ ಹತ್ತಿರದ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಪೊಲೀಸರ ಗುಂಡಿಗೆ ಸತ್ತವರು ಸರ್ಕಾರದ ಲೆಕ್ಕದಲ್ಲಿ 10, ಜನರ ಲೆಕ್ಕದಲ್ಲಿ 30ರ ಮೇಲೆ. ಆ ಅಂತರ ತುಂಬುವುದೇ ಚರಿತ್ರೆ ಎಂದುಕೊಂಡೆವು. (ಈಗ ಮೊಬೈಲಿನಲ್ಲಿ ಅದು 'ದಕ್ಷಿಣದ ಜಲಿಯನ್‌ವಾಲಾಬಾಗ್'. ಊರಿಗೆ ಸ್ವಂತ ಹೆಸರಿದ್ದರೂ ಸಾಲದು.) ಗುಂಡಿನ ಬೆನ್ನಿಗೇ ಕಾಗದ ಬಂದದ್ದನ್ನು ಮಾತ್ರ ಅಡಿಟಿಪ್ಪಣಿಗೆ ತಳ್ಳಿದೆವು. ಪಟೇಲ್, ಕೃಪಲಾನಿ ಬಂದು ದಿವಾನ್ ಮಿರ್ಜಾ ಇಸ್ಮಾಯಿಲರ ಜೊತೆ ಒಪ್ಪಂದವಾಯಿತು, ಕಾಂಗ್ರೆಸ್ಸಿಗೆ ಮಾನ್ಯತೆ ಸಿಕ್ಕಿತು, ರಾಜ್ಯಾಂಗ ಸುಧಾರಣಾ ಸಮಿತಿ ಕೂತಿತು. ಅದರ ಫಲವಾದ 1940ರ ಕಾಯಿದೆಯಲ್ಲಿ ಜವಾಬ್ದಾರಿ ಸರ್ಕಾರ ಇರಲಿಲ್ಲ.

ಈಸೂರಿನದೂ ಇದೇ ಕತೆ. 1942ರಲ್ಲಿ ಆ ಹಳ್ಳಿಯವರು ಕಂದಾಯದ ಲೆಕ್ಕಪುಸ್ತಕ ಕಿತ್ತುಕೊಂಡು, ತಮ್ಮೂರ ಹುಡುಗರನ್ನೇ ಅಮಲ್ದಾರ, ಸಬ್ ಇನ್‌ಸ್ಪೆಕ್ಟರ್ ಮಾಡಿ ಕೂರಿಸಿದರು. ಆಮೇಲೆ ಗಲ್ಲಿಗೇರಿದ ಆ ಊರಿನ ಐವರ ಬಗ್ಗೆ ನಾನೇ ಎರಡು ಲೇಖನ ಬರೆದಿದ್ದೇನೆ. ಸರ್ಕಾರವನ್ನು ಧಿಕ್ಕರಿಸಿದ ಊರು ಮೊದಲು ಮಾಡಿದ ಕೆಲಸ ಸರ್ಕಾರವೊಂದನ್ನು ಕಟ್ಟಿದ್ದು ಎಂಬುದು ಎರಡರಲ್ಲೂ ಇಲ್ಲ.

ನಮ್ಮ ನಂತರ ಬರೆದವರಲ್ಲಿ ಜಾನಕಿ ನಾಯರ್ 2011ರ ಪುಸ್ತಕದಲ್ಲಿ ಮೈಸೂರಿನ ಆಧುನಿಕತೆಯನ್ನು ಚಿತ್ರ, ಕಟ್ಟಡ, ಕಾನೂನುಗಳಲ್ಲಿ ಹುಡುಕಿದ್ದಾರೆ. ಸೂಕ್ಷ್ಮವಾದ ಕೆಲಸ, ನನ್ನಂಥವನಿಗೆ ಅದರಲ್ಲಿ ಕೆಸರಿನ ವಾಸನೆ ಕೊಂಚ ಕಮ್ಮಿ.

ಜವಾಬ್ದಾರಿ ಸರ್ಕಾರಕ್ಕಾಗಿ ನಡೆದ 1947ರ ಮೈಸೂರು ಚಲೋ ಚಳವಳಿಗೆ ಬಂದರೆ ರಾಮಸ್ವಾಮಿ ಎಂಬ ವಿದ್ಯಾರ್ಥಿ ಗುಂಡಿಗೆ ಬಿದ್ದದ್ದು, ದೊರೆಸ್ವಾಮಿಯವರ 'ಪೌರವಾಣಿ' ಪತ್ರಿಕೆ, ಅಕ್ಟೋಬರಿನಲ್ಲಿ ಕೆ. ಚೆಂಗಲರಾಯ ರೆಡ್ಡಿಯವರ ಮಂತ್ರಿಮಂಡಲ. ಅಲ್ಲಿಗೆ ನಮ್ಮ ಪುಸ್ತಕಗಳು ಮಂಗಳ ಹಾಡಿಬಿಡುತ್ತವೆ. ಅದಾದ ಮೇಲೆ ಮೈಸೂರಿಗೆ ತನ್ನದೇ ಸಂವಿಧಾನ ರಚನಾ ಸಭೆಯಿತ್ತು. ಭಾರತದ ಸಂವಿಧಾನವನ್ನೇ ಒಪ್ಪೋಣವೆಂದು ಶಿಫಾರಸು ಮಾಡಿ ಅದು ಹಿಂದೆ ಸರಿಯಿತು, 1949ರ ನವೆಂಬರ್ 25ರಂದು ಮಹಾರಾಜರ ಘೋಷಣೆಯೂ ಹೊರಬಿತ್ತು. ಶಿವಪುರದಲ್ಲಿ ಬಾವುಟ ಹಿಡಿದ ಟಿ. ಸಿದ್ದಲಿಂಗಯ್ಯ, ಹನುಮಂತಯ್ಯ, ರೆಡ್ಡಿಯವರು ಸೇರಿ ಮೈಸೂರಿನ ಏಳು ಜನ ದೆಹಲಿಯ ಸಂವಿಧಾನ ರಚನಾ ಸಭೆಯಲ್ಲೂ ಕೂತಿದ್ದರು. ಬಂಡಾಯಗಾರರು ಕಲಮು ಬರೆಯುವವರಾದ ಆ ಎರಡು ವರ್ಷಕ್ಕೆ ಮೀಸಲಾದ ಕನ್ನಡ ಪುಸ್ತಕ ನನ್ನ ಕಪಾಟಿನಲ್ಲಿ ಒಂದೂ ಇಲ್ಲ.

ಹೋದ ವರ್ಷ ಸಂಶೋಧನೆಗೆ ವಿಷಯ ಕೇಳಿಕೊಂಡು ಹುಡುಗಿಯೊಬ್ಬಳು ಮನೆಗೆ ಬಂದಳು. ಮೈಸೂರಿನ ಸಂವಿಧಾನ ಸಭೆ ತಗೊಳಮ್ಮ ಅಂದೆ. 'ಅದರಲ್ಲಿ ಯಾರೂ ಸಾಯೋದೇ ಇಲ್ವಲ್ಲ ಸಾರ್' ಅಂದಳು. ವಿದುರಾಶ್ವತ್ಥದ ಮೇಲಿನ ಅವಳ ಪ್ರಬಂಧದ ಎರಡನೇ ಅಧ್ಯಾಯ ಈಗ ನನ್ನ ಮೇಜಿನ ಮೇಲಿದೆ.