ಗೋವೆಯ ದಫ್ತರದಲ್ಲಿ ಕೆಳದಿಯ ಕಥೆ

ಬಸರೂರಿನ ಅಕ್ಕಿ ಹೊತ್ತ ಹಡಗುಗಳು ಬಾರದೆ ಹೋದರೆ ಗೋವೆಯಲ್ಲಿ ಊಟಕ್ಕೆ ತತ್ವಾರ. ಹದಿನಾರು, ಹದಿನೇಳನೇ ಶತಮಾನಗಳಲ್ಲಿ ಪೋರ್ಚುಗೀಸರಿಗೆ ಕೆನರಾ ಕರಾವಳಿಯೊಡನೆ ಇದ್ದ ನಂಟಿನ ಮೂಲ ಈ ಅಕ್ಕಿಯೇ. ಅದಕ್ಕಾಗಿ ನಡೆದ ಕದನ, ಒಪ್ಪಂದ, ಚೌಕಾಶಿಗಳೆಲ್ಲ ಕಾಗದದ ಮೇಲೆ ಉಳಿದಿರುವುದು ಪಣಜಿಯಲ್ಲಿರುವ ಗೋವಾ ಸರ್ಕಾರದ ಪತ್ರಾಗಾರದಲ್ಲಿ.

ಈ ಸಂಸ್ಥೆಯ ಹುಟ್ಟು 1595ರಲ್ಲಿ. ಆಗ ಪೋರ್ಚುಗಲ್‌ನ ಸಿಂಹಾಸನವೂ ಸ್ಪೇನಿನ ದೊರೆ ಎರಡನೇ ಫಿಲಿಪ್‌ನ ಕೈಯಲ್ಲಿತ್ತು. ಅವನ ಆಜ್ಞೆಯಂತೆ ದಿಯೊಗೊ ದೊ ಕೌತೊ ಎಂಬ ಇತಿಹಾಸಕಾರ ಮೊದಲ ದಫ್ತರದಾರನಾದ. ಲಿಸ್ಬನ್ನಿನ ರಾಜದಫ್ತರಕ್ಕಿದ್ದ 'ತೊರೆ ದೊ ತೊಂಬೊ' ಎಂಬ ಹೆಸರನ್ನೇ ಗೋವೆಯದಕ್ಕೂ ಇಟ್ಟರು. ಪೋರ್ಚುಗೀಸರು ಗೋವೆಯನ್ನು ಹಿಡಿದು ಅಷ್ಟರಲ್ಲಿ 85 ವರ್ಷವಾಗಿತ್ತು. ಆ ಮೊದಲ ವರ್ಷಗಳ ಕಾಗದಗಳಲ್ಲಿ ಬಹಳಷ್ಟು ಅಲ್ಲಿಗೆ ಸೇರಲೇ ಇಲ್ಲ.

ಇಲ್ಲಿನ ಮುಖ್ಯ ಸಂಗ್ರಹದ ಹೆಸರು 'ಮೊನ್ಸೊಯಿಸ್ ದೊ ರೈನೊ', ಅಂದರೆ ಸಾಮ್ರಾಜ್ಯದ ಮಾನ್ಸೂನ್ ಪುಸ್ತಕಗಳು. ಹೆಸರು ವಿಚಿತ್ರವಾದರೂ ಕಾರಣ ಸರಳ. ವಸಂತದಲ್ಲಿ ಲಿಸ್ಬನ್ ಬಿಟ್ಟ ಹಡಗುಗಳು ಮಳೆಗಾಲ ತಗ್ಗುವ ಹೊತ್ತಿಗೆ ಗೋವೆ ಮುಟ್ಟುತ್ತಿದ್ದವು. ಉತ್ತರ ಹೊತ್ತು ಚಳಿಗಾಲದಲ್ಲಿ ಮರಳುತ್ತಿದ್ದವು. ಗಾಳಿಗೆ ತಕ್ಕಂತೆ ಬಂದ ಪತ್ರ, ಹೋದ ಉತ್ತರ ಎರಡನ್ನೂ ಸೇರಿಸಿ ರಟ್ಟು ಕಟ್ಟಿದ ನಾನೂರಕ್ಕೂ ಹೆಚ್ಚು ಸಂಪುಟಗಳಿವೆ. ಇವಲ್ಲದೆ 62 ಸಂಪುಟಗಳನ್ನು ಹದಿನೆಂಟನೇ ಶತಮಾನದ ಉತ್ತರಾರ್ಧದಲ್ಲಿ ಲಿಸ್ಬನ್ನಿಗೆ ಸಾಗಿಸಲಾಯಿತು. ಹೀಗಾಗಿ ಹದಿನೇಳನೇ ಶತಮಾನದ ಗೋವೆಯನ್ನು ಅರಿಯಬೇಕಾದವರು ಇಂದಿಗೂ ಎರಡು ಖಂಡಗಳ ದಫ್ತರ ನೋಡಬೇಕು.

ಕನ್ನಡಿಗರಿಗೆ ಹೆಚ್ಚು ಬೇಕಾದದ್ದು 'ರೈಸ್ ವಿಝಿನ್ಯೂಸ್', ನೆರೆಯ ಅರಸರು ಎಂಬ ಹೆಸರಿನ ಸಾಲು. ಸುತ್ತಲಿನ ರಾಜರಿಗೆ ಗೋವೆಯ ಆಡಳಿತ ಬರೆದ ಪತ್ರಗಳು ಇದರಲ್ಲಿವೆ. 1568-69ರಲ್ಲಿ ಪೋರ್ಚುಗೀಸರು ಮಂಗಳೂರು, ಹೊನ್ನಾವರ, ಬಸರೂರುಗಳಲ್ಲಿ ನೆಲೆ ಊರಿದರು. 1652-54ರಲ್ಲಿ ಕೆಳದಿಯ ಶಿವಪ್ಪನಾಯಕ ಆ ಕೋಟೆಗಳನ್ನೆಲ್ಲ ಕಸಿದುಕೊಂಡ. ಕೋಟೆ ಹೋದರೂ ಅಕ್ಕಿಯ ಅಗತ್ಯ ಹೋಗಲಿಲ್ಲವಲ್ಲ! ರಾಣಿ ಚೆನ್ನಮ್ಮಾಜಿಯ ಕಾಲದಲ್ಲಿ, 1678ರಲ್ಲಿ, ಮತ್ತೆ ಒಪ್ಪಂದವಾಯಿತು. ಗೆದ್ದವರ ಕಡೆ 'ಕೆಳದಿನೃಪವಿಜಯ'ದಂಥ ಕಾವ್ಯವಿದೆ, ಶಾಸನಗಳಿವೆ. ಆದರೆ ಕೆಳದಿ ಅರಮನೆಯ ದಿನನಿತ್ಯದ ಕಡತಗಳು ಈ ಪ್ರಮಾಣದಲ್ಲಿ ಉಳಿದಿಲ್ಲ. ಬಂದರಿನ ವಿವರ ಬೇಕೆಂದರೆ ಎದುರಾಳಿಯ ಕಾಗದವನ್ನೇ ಓದಬೇಕು, ಅದೂ ಅವನ ಸಿಟ್ಟು, ಸ್ವಾರ್ಥಗಳನ್ನು ಕಳೆದು.

ಓದುವುದೇನೂ ಸುಲಭವಲ್ಲ. ಹಳೆಯ ಪೋರ್ಚುಗೀಸ್ ಕೈಬರಹ ಒಂದು ಕಡೆ, ಕರಾವಳಿಯ ತೇವ ಮತ್ತು ಹುಳು ತಿಂದ ಹಾಳೆ ಇನ್ನೊಂದು ಕಡೆ. ಪದಗಳೂ ಮೋಸ ಮಾಡುತ್ತವೆ. 'ಕನಾರಿಂ' ಎಂದು ಕಂಡೊಡನೆ ಕನ್ನಡ ಎಂದುಕೊಂಡರೆ ಎಡವಿದಂತೆಯೇ. ಪೋರ್ಚುಗೀಸರು ಕೊಂಕಣಿಯನ್ನೂ ಹಾಗೆಯೇ ಕರೆಯುತ್ತಿದ್ದರು. ಪಾದ್ರಿ ಥಾಮಸ್ ಸ್ಟೀಫನ್ಸ್ ಬರೆದು 1640ರಲ್ಲಿ ರಾಶೋಲ್‌ನಲ್ಲಿ ಅಚ್ಚಾದ 'ಕನಾರಿಂ' ವ್ಯಾಕರಣ ಕೊಂಕಣಿಯದು.

ಈ ಕಾಗದದ ಕಾಡಿನಲ್ಲಿ ದಾರಿ ಮಾಡಿದವರು ಪಾಂಡುರಂಗ ಪಿಸುರ್ಲೆಂಕರ್. 1930ರ ದಶಕದಿಂದ 1961ರವರೆಗೆ ದಫ್ತರದ ಹೊಣೆ ಹೊತ್ತಿದ್ದ ಅವರು ಪೋರ್ಚುಗೀಸ್ ಜತೆಗೆ ಮರಾಠಿ ಆಕರಗಳನ್ನೂ ಬಲ್ಲವರು. 1955ರಲ್ಲಿ ಪತ್ರಾಗಾರದ ಕೈಪಿಡಿಯನ್ನು ಪ್ರಕಟಿಸಿದರು. ರಾಜ್ಯಸಭೆಯ ನಿರ್ಣಯಗಳನ್ನು ಐದು ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ಆ ವರೆಗೆ ಯಾವ ಕಟ್ಟಿನಲ್ಲಿ ಏನಿದೆ ಎಂಬುದನ್ನು ತಿಳಿಯಲು ಕಟ್ಟನ್ನೇ ಬಿಚ್ಚಬೇಕಿತ್ತು.

ಗೋವಾ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಬೋಧಿಸಿದ ಬಿ.ಎಸ್. ಶಾಸ್ತ್ರಿಯವರು ಗೋವೆ-ಕೆನರಾ ಸಂಬಂಧವನ್ನು ಕುರಿತು ಬರೆದ ಪುಸ್ತಕ 2000ರಲ್ಲಿ ಹೊರಬಂತು. ಪೋರ್ಚುಗೀಸರು ಬಂದ 1498ರಿಂದ ಆರಂಭವಾಗುವ ಆ ಕಥನ ಬಿದನೂರು ಹೈದರಾಲಿಯ ವಶವಾದ 1763ಕ್ಕೆ ನಿಲ್ಲುತ್ತದೆ.