ಕೋಟೆಯ ಒಳಾಣ ಒಲೆ

ಚಿತ್ರದುರ್ಗದ ಕೋಟೆ ಹೇಳಿರೆ ನಮಗೆಲ್ಲ ನೆಂಪಪ್ಪದು ಇಬ್ರೇ. ಒಂದು ಮದಕರಿ ನಾಯಕ, ಇನ್ನೊಂದು ಒನಕೆ ಓಬವ್ವ. ಓಬವ್ವ ಹೇಳಿದ ಕೂಡ್ಳೆ 1972ರ ನಾಗರಹಾವು ಸಿನೆಮದ ಜಯಂತಿಯ ಮೋರೆಯೇ ಕಣ್ಣಿಂಗೆ ಬಪ್ಪದು, ಅಲ್ಲದೋ ಅಕ್ಕಂದ್ರೇ? ಎನಗೂ ಹಾಂಗೇ ಇತ್ತು. ಕಳುದ ವರ್ಷ ಮಗಳೊಟ್ಟಿಂಗೆ ಹೋಗಿ ಆ ಕೋಟೆ ಹತ್ತಿ ಇಳುದ ಮತ್ತೆ, ಯುದ್ಧಂದ ಹೆಚ್ಚು ಅಲ್ಲಿಯಾಣ ಅಡಿಗೆ ಕೆಲಸದ್ದೇ ಆಲೋಚನೆ ಆವ್ತು. ಏಳು ಸುತ್ತಿನ ಗೋಡೆ ಕಟ್ಟಿರೆ ಸಾಕೋ? ಒಳ ಇಪ್ಪವಕ್ಕೆ ದಿನಾ ಉಂಬಲೆ ಬೇಡದೋ?

ಅದು ಬರೀ ಸಿಪಾಯಿಗಳ ಜಾಗೆ ಆಗಿತ್ತಿಲ್ಲೆ. 16ನೇ ಶತಮಾನದ ತಿಮ್ಮಣ್ಣ ನಾಯಕನಿಂದ ಹಿಡುದು 1779ರ ವರೆಗೆ ನಾಯಕರು ಅಲ್ಲಿಂದಲೇ ಆಳಿದವು. ಅರಮನೆ, ಟಂಕಸಾಲೆ, ಕಣಜ, ಗರಡಿಮನೆ, ಮುರುಘಾ ಮಠ, ಹಿಡಿಂಬೇಶ್ವರ, ಏಕನಾಥೇಶ್ವರಿ, ಸಂಪಿಗೆ ಸಿದ್ಧೇಶ್ವರ ಹೇಳಿ ದೇವಸ್ಥಾನಂಗೊ, ಎಲ್ಲ ಆ ಬಂಡೆಗಳ ಎಡಕ್ಕಿಲೇ ಇದ್ದು. ದೇವಸ್ಥಾನ ಇದ್ದರೆ ನೈವೇದ್ಯಕ್ಕೆ ಅಕ್ಕಿ ಬೇಕು, ಗರಡಿ ಇದ್ದರೆ ಪೈಲ್ವಾನರ ಹೊಟ್ಟೆಗೆ ಬೇಕು, ಕುದುರೆ ಇದ್ದರೆ ಹುರುಳಿ ಬೇಕು. ಹೀಂಗೆ ಲೆಕ್ಕ ಹಾಕುಲೆ ಹೆರಟರೆ ನಮ್ಮ ಮನೆಯ ಉಪ್ನಾನದ ಅಡಿಗೆ ಎಂತದೂ ಅಲ್ಲ.

ಮದಾಲು ನೀರಿನ ವಿಷಯ ಹೇಳ್ತೆ. ನಮ್ಮ ಕರಾವಳಿಲಿ ಆಟಿ ಒಂದು ತಿಂಗಳಿಲಿ ಸುರಿವಷ್ಟು ಮಳೆ ಚಿತ್ರದುರ್ಗಲ್ಲಿ ಇಡೀ ವರ್ಷಕ್ಕೆ ಬತ್ತಿಲ್ಲೆ. ಹಾಂಗಿಪ್ಪ ಒಣ ಊರಿಲಿ, ಅದೂ ಗುಡ್ಡೆಯ ಕೊಡಿಲಿ, ಸಾವಿರಗಟ್ಲೆ ಜನ ಇತ್ತಿದ್ದವು. ಹೇಂಗೆ? ಬಂಡೆಯ ಮೇಲೆ ಬಿದ್ದ ಮಳೆನೀರಿನ ಒಂದು ಹುಂಡೂ ಬಿಡದ್ದೆ ಹಿಡುದವು. ಮೇಲೆ ಗೋಪಾಲಸ್ವಾಮಿ ಹೊಂಡ. ಅದು ತುಂಬಿ ಚೆಲ್ಲಿರೆ ಕೆಳಾಣ ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಇನ್ನೂ ಕೆಳಂಗೆ, ಅಖೇರಿಗೆ ಕೋಟೆಯ ಬುಡಲ್ಲಿಪ್ಪ ಪೇಟೆಯ ಸಿಹಿನೀರು ಹೊಂಡ, ಸಂತೆ ಹೊಂಡಕ್ಕೆ. ಮಾಡಿಂದ ನೀರು ಬೀಳುವಲ್ಲಿ ನಾವು ಒಂದರ ಅಡಿಲಿ ಇನ್ನೊಂದು ಪಾತ್ರ ಮಡುಗುತ್ತಿಲ್ಲೆಯೋ, ಅದೇ ಬುದ್ಧಿ. ತಣ್ಣೀರು ದೋಣಿ ಹೇಳಿ ಒಂದು ಸಣ್ಣ ಜಾಗೆ ಇದ್ದು, ಬಂಡೆಯ ಎಡಕ್ಕಿಲಿ ಕಡು ಬೇಸಗೆಲಿಯೂ ತಂಪು ನೀರು.

ಹೊಂಡ ಕಟ್ಟುಸಿದ ರಾಜರ ಹೆಸರು ಪುಸ್ತಕಲ್ಲಿ ಬತ್ತು. ಆ ಹೊಂಡಂದ ಮನೆಗೆ ನೀರು ಹೊತ್ತವರದ್ದು ಬತ್ತಿಲ್ಲೆ. ಆನು ಮದುವೆ ಆಗಿ ಬಂದ ಹೊಸತ್ತಿಲಿ ಬಾವಿಂದ ಎರಡು ಕೊಡಪ್ಪಾನ ಹಿಡ್ಕೊಂಡು ಇಪ್ಪತ್ತು ಮೆಟ್ಲು ಹತ್ತಿಯೊಂಡಿತ್ತಿದ್ದೆ, ಹೊತ್ತೋಪಗ ಸೊಂಟ ಎನ್ನದಲ್ಲ ಹೇಳುವ ಹಾಂಗೆ ಅಕ್ಕು. ದುರ್ಗದ ಮೆಟ್ಲುಗಳ ಹತ್ತಿ ನೋಡಿ, ಗೊಂತಾವ್ತು.

ನೀರಿನ ಮತ್ತೆ ಕಣಜ. ಅರಮನೆಯ ಹತ್ರೆ ದೊಡ್ಡ ದೊಡ್ಡ ಮಣ್ಣಿನ ಗೋಡೆಗೊ ಇನ್ನೂ ನಿಂದೊಂಡಿದ್ದವು, ಮಾಡು ಇಲ್ಲದ್ದೆ. ಎಣ್ಣೆ ತುಂಬುಸಿ ಮಡುಗುಲೆ ಕಲ್ಲಿಲೇ ಕಡುದ ಎಣ್ಣೆಕೊಳವೂ ಇದ್ದು. ಕೋಟೆಗೆ ಮುತ್ತಿಗೆ ಬಿದ್ದರೆ ಹೆರಂದ ಒಂದು ಸೇರು ಅಕ್ಕಿಯೂ ಒಳ ಬಾರ. ಆ ಬಯಲುಸೀಮೆಯ ರಾಗಿಗೆ ಒಂದು ಗುಣ ಇದ್ದು, ಸರಿ ಒಣಗುಸಿ ಮಡುಗಿರೆ ವರ್ಷಗಟ್ಲೆ ಹುಳು ಹಿಡಿತ್ತಿಲ್ಲೆ. ನಮ್ಮ ಅಕ್ಕಿಯಾಗಿದ್ದರೆ ಗುಗ್ಗುರು ಹಿಡುದು, ಕೋಟೆ ಮೊದಲೇ ಸೋಲ್ತಿತ್ತೋ ಏನೋ!

ಅಲ್ಲಿ ಒಂದು ಚೌಕದ ಗುಂಡಿಲಿ ನಾಲ್ಕು ಬೀಸುವ ಕಲ್ಲುಗೊ ಇದ್ದವು. ದೂರಂದ ನೋಡಿ, ಹೋ, ಹಿಟ್ಟು ಬೀಸುಲೆ ಇಕ್ಕು ಹೇಳಿ ಗ್ರೇಶಿದೆ, ಆದರೆ ಗಾತ್ರ ನೋಡಿರೆ ಮನುಷ್ಯರ ಕೈಲಿ ತಿರುಗುವಂಥದ್ದಲ್ಲ. ಅದು ಕೋವಿಮದ್ದು ಅರವದು, ಆನೆಯೋ ಕೋಣವೋ ತಿರುಗುಸಿಯೊಂಡಿದ್ದದಡ. ಪೆಟ್ಲುಪ್ಪು, ಗಂಧಕ, ಇದ್ದಿಲು. ಹದ ತಪ್ಪಿರೆ, ಒಣಗಿದ್ದರ ಗಟ್ಟಿ ತಿಕ್ಕಿರೆ, ಅರವವಂಗೇ ಆಪತ್ತು. ಹೊಟ್ಟೆಗೂ ಬೀಸೆಕ್ಕು, ಕೋವಿಗೂ ಬೀಸೆಕ್ಕು.

ಈಗ ಓಬವ್ವನ ಹತ್ರೆ ಬಪ್ಪೊ. ಕತೆಯ ಅಖೇರಿ ಎಲ್ಲೋರಿಂಗೂ ಗೊಂತಿದ್ದು. ಸುರುವಾಣದ್ದರ ಒಂದರಿ ನೋಡಿ. ಜನರ ಬಾಯಿಲಿ ಬಂದ ಕತೆ ಹೇಳುವ ಪ್ರಕಾರ, ಅದರ ಗೆಂಡ ಕಹಳೆ ಮುದ್ದಹನುಮ ಕಾವಲಿಂಗೆ ಇತ್ತಿದ್ದ. ಮಧ್ಯಾಹ್ನ ಉಂಬಲೆ ಮನೆಗೆ ಬಂದ. ಬಳುಸಿಕ್ಕಿ ನೋಡಿರೆ ಕೊಡಲ್ಲಿ ನೀರಿಲ್ಲೆ. ಓಬವ್ವ ನೀರಿಂಗೆ ಹೋತು. ಅಷ್ಟಪ್ಪಗ ಬಂಡೆಯ ಕಿಂಡಿಂದ ಹೈದರಾಲಿಯ ಸೈನಿಕರು ಒಬ್ಬೊಬ್ಬನೇ ನುಗ್ಗುದು ಕಂಡತ್ತು. ಗೆಂಡನ ದಿನಿಗೇಳದ್ದೆ, ಉಣ್ಣಲಿ ಹೇಳಿ ಬಿಟ್ಟಿಕ್ಕಿ, ಒನಕೆ ತೆಕ್ಕೊಂಡು ನಿಂದತ್ತು.

ಎನಗೆ ಅದರ ಧೈರ್ಯಂದಲೂ ದೊಡ್ಡದಾಗಿ ಕಂಡದು ಆ ಕೈ. ನವಣೆಯೋ ಸಾಮೆಯೋ ಉದಿಯಪ್ಪಗ ಎದ್ದು ದಿನಾ ಕುಟ್ಟಿದ ಕೈ ಅದು. ಒನಕೆಯ ತೂಕ ಎಷ್ಟು, ಎಲ್ಲಿ ಹಿಡಿಯೆಕ್ಕು, ಎಷ್ಟು ನೆಗ್ಗಿರೆ ಎಷ್ಟು ಪೆಟ್ಟು ಬೀಳುಗು ಹೇಳಿ ಆರೂ ಕಲಿಶೆಕ್ಕು ಹೇಳಿಲ್ಲೆ. ಕಿಂಡಿಯ ನೋಡಿರೆ, ಬಗ್ಗಿ ತಲೆ ಮುಂದೆ ಹಾಕದ್ದೆ ಒಳ ಬಪ್ಪಲೇ ಎಡಿಯ. ಹಾಂಗಾಗಿ ಒರಳಿಂಗೆ ಕುಟ್ಟಿದ ಹಾಂಗೆಯೇ.

ಆದರೂ ಅಖೇರಿಗೆ 1779ರಲ್ಲಿ ಕೋಟೆ ಹೋತು. ಮದಕರಿ ನಾಯಕನನ್ನೂ ಮನೆಯವರನ್ನೂ ಸೆರೆ ಹಿಡುದು ಶ್ರೀರಂಗಪಟ್ಟಣಕ್ಕೆ ಕಳುಸಿದವು. ಇದು ಶಾಲೆ ಪುಸ್ತಕಲ್ಲಿ ಇದ್ದು. ಕಮ್ಮಿ ಜನ ಹೇಳುದು ಇನ್ನೊಂದು: ದುರ್ಗದ ಬೇಡರು ಸುಮಾರು 20,000 ಜನರನ್ನೂ ಹೈದರಾಲಿ ಅಲ್ಲಿಂದ ಎಬ್ಬುಸಿ ಶ್ರೀರಂಗಪಟ್ಟಣಕ್ಕೆ ಸಾಗುಸಿದ, ಅವರ ಮಾಣಿಯಂಗಳ ಸೈನ್ಯಕ್ಕೆ ಹಾಕಿದ. ಮನೆಗೆ ಐದು ಜನ ಹೇಳಿ ಹಿಡುದರೂ ನಾಲ್ಕು ಸಾವಿರ ಒಲೆ ನಂದಿತ್ತು. ಬೀಸುಕಲ್ಲು ಹೊತ್ತೊಂಡು ಹೋಪಲೆಡಿಗೋ? ಮಾಡಿ ಮಡುಗಿದ ಉಪ್ಪಿನಕಾಯಿ, ಬಿತ್ತಿಂಗೆ ತೆಗದು ಮಡುಗಿದ ರಾಗಿ, ಕರಕ್ಕೊಂಡಿದ್ದ ದನ? ನಾಯಕನ ಇಬ್ರು ರಾಣಿಯಕ್ಕೊ ಹೊಂಡಕ್ಕೆ ಹಾರಿದವು, ಅದಕ್ಕೇ ಅಕ್ಕ-ತಂಗಿ ಹೊಂಡ ಹೇಳುದು ಹೇಳಿ ಅಲ್ಲಿಯವು ಹೇಳ್ತವು. ನಡಕ್ಕೊಂಡು ಹೋದ ಬೇರೆ ಹೆಮ್ಮಕ್ಕಳ ಹೆಸರಿಲಿ ಯಾವ ಹೊಂಡವೂ ಇಲ್ಲೆ.

ಹೋಪ ಮನಸ್ಸಿಪ್ಪವು ಮಳೆಗಾಲ ಕಳುದ ಕೂಡ್ಳೆ ಹೋಗಿ, ಹೊಂಡಲ್ಲಿ ನೀರಿಪ್ಪಗ. ಉದಿಯಪ್ಪಗಳೇ ಹತ್ತುಲೆ ಸುರು ಮಾಡಿ, ಬೆಶಿಲು ಏರಿರೆ ಬಂಡೆ ಕಾವಲಿಗೆಯ ಹಾಂಗೆ ಕಾಯ್ತು. ಜಾರದ್ದ ಚೆರ್ಪು ಹಾಕಿಕೊಳ್ಳಿ. ನೀರಿನ ಕುಪ್ಪಿ ಗೆಂಡಂದ್ರ ಕೈಲಿ ಕೊಡಿ.