ಹಾಲಿ ರೂಪಾಯಿ, ಕಲ್ದಾರ್ ರೂಪಾಯಿ

ಬಿಇ ಓದುವಾಗ ಬ್ರಹ್ಮಪುರದ ಒಂದು ಹಳೇ ಮನೆಯ ಮಾಳಿಗೆ ಮೇಲೆ ನನ್ನ ರೂಮಿತ್ತು. ಮಾಲೀಕರ ತಂದೆಯನ್ನ ಎಲ್ಲರೂ ಮುತ್ಯಾ ಅಂತಿದ್ವಿ. ಆಳಂದ ಕಡೆಯ ಹಳ್ಳಿಯವರು. ಬಾಡಿಗೆ ಕೊಡೋಕೆ ಹೋದಾಗಲೆಲ್ಲ ಒಂದೇ ತಮಾಷೆ: "ಏನ್ ತಮ್ಮಾ, ಹಾಲಿನೋ ಕಲ್ದಾರೋ?"

ಅರ್ಥ ಆಗೋಕೆ ನನಗೆ ಒಂದು ಸೆಮಿಸ್ಟರ್ ಬೇಕಾಯ್ತು. ಹಾಲಿ ಅಂದ್ರೆ ನಿಜಾಮರ ಸರ್ಕಾರದ ಸ್ವಂತ ರೂಪಾಯಿ, ಕಲ್ದಾರ್ ಅಂದ್ರೆ ಬ್ರಿಟಿಷ್ ಇಂಡಿಯಾದ್ದು. 7 ಹಾಲಿ ಕೊಟ್ಟರೆ ಸುಮಾರು 6 ಕಲ್ದಾರ್. 1948ರವರೆಗೆ ಕಲಬುರಗಿ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಅದಕ್ಕೆ ತನ್ನದೇ ನಾಣ್ಯ, ಅಂಚೆ, ರೈಲು, ಗಡಿಯಲ್ಲಿ ಸುಂಕ ಹಿಡಿಯೋ ಕರೋಡಗಿರಿ ಇಲಾಖೆ ಎಲ್ಲ ಇದ್ದವು. ಮುತ್ಯಾನ ಲೆಕ್ಕದಲ್ಲಿ ಮೈಸೂರು ಬೇರೆ ದೇಶ.

ಆ ಎರಡು "ದೇಶ"ಗಳ ಸರ್ಕಾರಿ ಖರ್ಚು ಹೋಲಿಸಿ ನೋಡೋಣ ಅಂತ ಒಂದು ಶನಿವಾರ ಎಕ್ಸೆಲ್ ತೆರೆದು ಕೂತೆ. ಎರಡು ಸಿಸ್ಟಮ್ಮಿನ ಡೇಟಾ ಹೊಂದಿಸೋದು ಆಫೀಸಿನಲ್ಲಿ ದಿನದ ಕೆಲಸವೇ, ಇದೇನು ಮಹಾ ಅನ್ನಿಸಿತ್ತು. ಮೊದಲ ತೊಡಕು ನಾಣ್ಯ, ಅದು ಸರಿ. ಎರಡನೇದು ಕ್ಯಾಲೆಂಡರ್. ಮೈಸೂರಿನ ಲೆಕ್ಕದ ವರ್ಷ ಜುಲೈಗೆ ಶುರು, ಹೈದರಾಬಾದಿನ ಫಸಲಿ ವರ್ಷ ಅಕ್ಟೋಬರ್ ಸುಮಾರಿಗೆ. ಫಸಲಿ 1350 ಅಂದ್ರೆ ನಮ್ಮ 1940-41. ಇದನ್ನೂ ಹೇಗೋ ಹೊಂದಿಸಬಹುದು.

ಸಿಕ್ಕಿಕೊಂಡಿದ್ದು ಆಮೇಲೆ. ಅರ್ಥಶಾಸ್ತ್ರದಲ್ಲಿ ಸರ್ಕಾರದ ಅನುಭೋಗ ವೆಚ್ಚ ಅಂತ ಒಂದಿದೆ. ಅಣೆಕಟ್ಟು, ರಸ್ತೆ ಅದರಲ್ಲಿ ಬರೋದಿಲ್ಲ, ಅವು ಬಂಡವಾಳ. ಪಿಂಚಣಿ, ಸಬ್ಸಿಡಿ ಬರೋದಿಲ್ಲ, ಅವು ಬರೀ ಕೈಬದಲಾವಣೆ. ಮಾಸ್ತರರ ಸಂಬಳ, ದವಾಖಾನೆಯ ಔಷಧಿ, ಪೊಲೀಸರ ಪಗಾರ, ಹೀಗೆ ಸರ್ಕಾರ ದಿನಾ ಒದಗಿಸೋ ಸೇವೆಯ ಖರ್ಚು ಇದು. ಇವತ್ತು ಭಾರತದಲ್ಲಿ ಇದು ಜಿಡಿಪಿಯ ಸುಮಾರು ಹತ್ತನೇ ಒಂದು ಭಾಗ, ಸ್ವೀಡನ್ನಿನಲ್ಲಿ ಕಾಲು ಭಾಗದ ಆಸುಪಾಸು.

ಈ ಎರಡು ಸಂಸ್ಥಾನಗಳನ್ನ ಹೋಲಿಸೋರು ಸಾಮಾನ್ಯವಾಗಿ ಕಟ್ಟಡ ಎಣಿಸ್ತಾರೆ. ಅವರದು ಕನ್ನಂಬಾಡಿ, ಇವರದು ನಿಜಾಮ್ ಸಾಗರ, ಎರಡೂ 1931ರ ಹೊತ್ತಿಗೆ ಮುಗಿದವು. ಮೈಸೂರು ವಿಶ್ವವಿದ್ಯಾಲಯ 1916, ಉಸ್ಮಾನಿಯಾ 1918. ಹೀಗೆ ನೋಡಿದ್ರೆ ಪಂದ್ಯ ಸಮ. ಆದ್ರೆ 1931ರ ಜನಗಣತಿ ತೆಗೆದರೆ ಹೈದರಾಬಾದಿನಲ್ಲಿ ನೂರಕ್ಕೆ ಸುಮಾರು ಐವರು ಅಕ್ಷರಸ್ಥರು, ಮೈಸೂರಿನಲ್ಲಿ ಹೆಚ್ಚುಕಡಿಮೆ ಅದರ ಎರಡರಷ್ಟು.

ಹೈದರಾಬಾದ್ ಬಡ ರಾಜ್ಯ ಆಗಿರಲಿಲ್ಲ. 1947ರ ಹೊತ್ತಿಗೆ ವರ್ಷದ ಆದಾಯ 26 ಕೋಟಿ. ಅಕ್ಬರ್ ಹೈದರಿ 1922ರಲ್ಲಿ ಇಲಾಖೆವಾರು ಅನುದಾನದ ಪದ್ಧತಿ ತಂದು ಖಜಾನೆಯನ್ನ ಅಚ್ಚುಕಟ್ಟು ಮಾಡಿದ್ದರು. ಪುಸ್ತಕ ನೀಟಾಗಿಯೇ ಇತ್ತು. ಆದ್ರೆ ಅದರೊಳಗೆ ಇಡೀ ರಾಜ್ಯ ಇರಲಿಲ್ಲ! ನೆಲದಲ್ಲಿ ಸುಮಾರು 60 ಪಾಲು ಮಾತ್ರ ದಿವಾನಿ, ಅಂದ್ರೆ ಸರ್ಕಾರದ ನೇರ ಆಡಳಿತ. ಸುಮಾರು 10 ಪಾಲು ಸರ್ಫ್-ಎ-ಖಾಸ್, ನಿಜಾಮರ ಖಾಸಗಿ ಆಸ್ತಿ. ಉಳಿದ 30 ಪಾಲು ಜಾಗೀರು. ಮುತ್ಯಾನ ಆಳಂದ ಪಾಯಗಾ ಜಾಗೀರಿನಲ್ಲಿತ್ತು. ಪಾಯಗಾದವರಿಗೆ ತಮ್ಮದೇ ಕಂದಾಯ, ಕೋರ್ಟು, ಪೊಲೀಸು. ಶಾಲೆ ಇಡೋದು ಬಿಡೋದು ಅವರ ಮರ್ಜಿ.

ಈಗ ದಿವಾನಿ ಖರ್ಚನ್ನ 1941ರ ಜನಸಂಖ್ಯೆ 1.63 ಕೋಟಿಯಿಂದ ಭಾಗಿಸಿದರೆ ಬರೋ ತಲಾ ಖರ್ಚು ಯಾರದು? ಜಾಗೀರಿನ ಜನ ತಲೆಯೆಣಿಕೆಯಲ್ಲಿ ಇದ್ದಾರೆ, ಅವರ ಊರಿನ ಖರ್ಚು ಪುಸ್ತಕದಲ್ಲಿ ಇಲ್ಲ. ಜಾಗೀರ್ದಾರ ಒಂದು ಶಾಲೆ ನಡೆಸಿದ್ದರೆ ಅದೂ ಇಲ್ಲ. ತಪ್ಪು ಎರಡೂ ಕಡೆಗೆ ಜಗ್ಗುತ್ತೆ.

ನನ್ನ ಹಾಳೆ ನಿಂತಿದ್ದು ಅಲ್ಲೇ. ಆಗ ಮುತ್ಯಾ ಒಮ್ಮೆ ಹೇಳಿದ್ದು ನೆನಪಾಯ್ತು: "ನಮ್ಮೂರಾಗ ಸರ್ಕಾರ ಅಂದ್ರ ಒಯ್ಯಾಕ ಬರ್ತಿತ್ತು ತಮ್ಮಾ. ಕೊಡಾಕ ಬಂದಿದ್ದು ನಾ ನೋಡಿಲ್ಲ."

ಮೈಸೂರಿನಲ್ಲಿ 1881ರಿಂದಲೇ ದಸರೆಯ ಹೊತ್ತಿಗೆ ದಿವಾನರು ಪ್ರಜಾಪ್ರತಿನಿಧಿ ಸಭೆಯ ಮುಂದೆ ನಿಂತು ರಾಜ್ಯದ ಆಯವ್ಯಯ ಹೇಳ್ತಿದ್ದರು. ಸಭೆಯಲ್ಲಿದ್ದವರು ಜಮೀನ್ದಾರರು, ವರ್ತಕರು, ಬಡ ರೈತರಲ್ಲ. ತೀರಾ ಹೊಗಳೋದು ಬೇಡ. ಅಲ್ಲೂ 1896ರಿಂದ ವರ್ಷಕ್ಕೆ 35 ಲಕ್ಷ ಬ್ರಿಟಿಷರಿಗೆ ಕಪ್ಪವಾಗಿ ಹೋಗ್ತಿತ್ತು. ಆದ್ರೂ "ನಮ್ಮೂರಿಗೆ ಶಾಲೆ ಯಾಕಿಲ್ಲ" ಅಂತ ಕೇಳೋಕೆ ಒಂದು ಜಾಗ ಇತ್ತು. ನಮ್ಮ ಕಡೆ 1920ರ ದಶಕದಲ್ಲಿ ಖಾಸಗಿ ಶಾಲೆ ತೆಗೆಯೋಕೂ ಸರ್ಕಾರದ ಅಪ್ಪಣೆ ಬೇಕಾಯ್ತು. ಕಲಬುರಗಿಯ ನೂತನ ವಿದ್ಯಾಲಯ 1907ರಲ್ಲೇ ಶುರುವಾಗಿದ್ದು ನಮ್ಮ ಪುಣ್ಯ.

ಸರ್ಫ್-ಎ-ಖಾಸ್ ಮತ್ತು ಜಾಗೀರುಗಳು 1949ರಲ್ಲಿ ಸರ್ಕಾರದೊಳಗೆ ಬಂದವು. 1956ರಲ್ಲಿ ಎರಡು "ದೇಶ"ಗಳ ಕನ್ನಡ ನೆಲ ಒಂದಾಯ್ತು. 2002ರ ನಂಜುಂಡಪ್ಪ ವರದಿ ಅತ್ಯಂತ ಹಿಂದುಳಿದ 39 ತಾಲ್ಲೂಕು ಗುರುತಿಸಿದಾಗ 21 ಕಲಬುರಗಿ ವಿಭಾಗದಲ್ಲೇ ಇದ್ದವು. 371(ಜೆ) ಬಂದಿದ್ದು ಅದಾಗಿ ಹತ್ತು ವರ್ಷದ ಮೇಲೆ.

ಹೋದ ದೀಪಾವಳಿಗೆ ಊರಿಗೆ ಹೋದಾಗ ನಾನು ಓದಿದ ಶಾಲೆಗೆ ಎರಡು ಹೊಸ ಕೋಣೆ ಬಂದಿದ್ದವು, ಟೈಲ್ಸ್ ಹಾಕಿ ಚಂದ ಮಾಡಿದ್ದರು. ಅಣ್ಣನ ಮಗಳನ್ನ ಗಣಿತ ಯಾರು ಹೇಳ್ತಾರೆ ಅಂತ ಕೇಳಿದೆ. "ಕಾಕಾ, ಗಣಿತಕ್ಕ ಮಾಸ್ತರ್ ಇಲ್ಲ, ಕನ್ನಡ ಟೀಚರ್ರೇ ಬಿಡಿಸ್ತಾರ" ಅಂದಳು.